ಪೆಡಲ್ ಬಿಚ್ಚಿಡಿ, ಮಗು ಸೈಕಲ್ ಕಲಿಯಲಿ

ನಾನು ಸೈಕಲ್ ಕಲಿತದ್ದು ಎಂಟನೇ ಕ್ಲಾಸಿನಲ್ಲಿ. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತಲ್ಲ, ಅದಾಗಿ ಎರಡು ವರ್ಷಕ್ಕೆ ನಮಗೂ ಬಂತು. ಶಾಲೆ ಅಂಗಳದಲ್ಲಿ ಸಾಲಾಗಿ ನಿಂತ ಹೊಸ ಸೈಕಲ್ ನೋಡಿ ಕುಣಿದಾಡಿದೆವು. ಆದರೆ ಹುಡುಗಿಯರಲ್ಲಿ ಹೊಡೆಯಲು ಬರುತ್ತಿದ್ದದ್ದು ನಾಲ್ಕೈದು ಜನಕ್ಕೆ ಅಷ್ಟೇ. ಉಳಿದವರೆಲ್ಲ ಮೂರು ಕಿಲೋಮೀಟರ್ ತಳ್ಳಿಕೊಂಡೇ ಮನೆಗೆ ಹೋದೆವು.

ಆ ವಾರ ಚಿಕ್ಕಪ್ಪ ಹಿಂದಿನಿಂದ ಕ್ಯಾರಿಯರ್ ಹಿಡಿದು ಕಲಿಸಿದರು. "ನಾನು ಹಿಡ್ಕೊಂಡಿದೀನಮ್ಮ, ನೀನು ತುಳಿ" ಅಂದರು. ಸ್ವಲ್ಪ ದೂರ ಹೋದ ಮೇಲೆ ಅವರ ದನಿ ಎಲ್ಲೋ ಹಿಂದೆ ಕೇಳಿಸಿತು. ತಿರುಗಿ ನೋಡಿದೆ. ಕತ್ತಿನ ಜೊತೆ ಹ್ಯಾಂಡಲ್ಲೂ ತಿರುಗಿತು. ಸೀದಾ ಬೇಲಿಗೆ ಹೋಗಿ ಬಿದ್ದೆ. ಗಾಯ ಎಂಟು ದಿನದಲ್ಲಿ ಮಾಯಿತು. ಆದರೆ "ಹಿಡ್ಕೊಂಡಿದೀನಿ" ಅನ್ನುವ ಮಾತನ್ನು ಬಹಳ ದಿನ ಯಾರು ಹೇಳಿದರೂ ನಂಬಲಿಲ್ಲ.

ಹೋದ ಬೇಸಿಗೆ ರಜೆಯಲ್ಲಿ ತಂಗಿಯ ಮಗಳಿಗೆ ಸೈಕಲ್ ಕಲಿಸಿದೆ. ಅವಳಿಗೆ ಆರು ವರ್ಷ. ಕ್ಯಾರಿಯರ್ ಹಿಡಿಯಲಿಲ್ಲ, ಸುಳ್ಳು ಹೇಳಲಿಲ್ಲ. ದಿನಕ್ಕೆ ಅರ್ಧ ಗಂಟೆಯಂತೆ ಆರನೇ ದಿನ ತಾನೇ ತುಳಿದುಕೊಂಡು ಹೋದಳು. ಕೆಲವು ಮಕ್ಕಳಿಗೆ ಎರಡು ದಿನ ಸಾಕು, ಕೆಲವರಿಗೆ ಎರಡು ವಾರ ಬೇಕು. ನಾವು ಹೇಗೆ ಮಾಡಿದೆವು ಅನ್ನುವುದನ್ನು ಇಲ್ಲಿ ಹೇಳುತ್ತೇನೆ.

ಸೈಕಲ್ ಇವತ್ತಿನ ಅಳತೆಗೆ ಇರಲಿ

ಯೂನಿಫಾರ್ಮ್ ಹೊಲಿಸುವಾಗ ಹೇಗೋ ಹಾಗೆ ಸೈಕಲ್ಲನ್ನೂ ನಾವು ಒಂದು ಸೈಜ್ ದೊಡ್ಡದೇ ತರುತ್ತೇವೆ, ಇನ್ನೆರಡು ವರ್ಷ ಬರಲಿ ಅಂತ. ಬಟ್ಟೆ ದೊಡ್ಡದಾದರೆ ಮಡಚಿ ಹೊಲಿಯಬಹುದು. ಕಾಲು ನೆಲಕ್ಕೆ ಎಟುಕದ ಸೈಕಲ್ ಮೇಲೆ ಕೂತ ಮಗುವಿಗೆ ಭಯವಾದರೆ ಏನು ಮಾಡಬೇಕು? ಬೀಳುವುದು ಬಿಟ್ಟು ಬೇರೆ ದಾರಿಯೇ ಇಲ್ಲ.

ಮಕ್ಕಳ ಸೈಕಲ್ಲಿನ ಸೈಜ್ ಅಂದರೆ ಚಕ್ರದ ಅಳತೆ. ಮೂರು-ನಾಲ್ಕು ವರ್ಷದವರಿಗೆ 12 ಇಂಚು, ಐದಾರು ವರ್ಷಕ್ಕೆ 16, ಏಳರಿಂದ ಒಂಬತ್ತಕ್ಕೆ 20 ಅನ್ನುವುದು ಅಂದಾಜು. ವಯಸ್ಸಿಗಿಂತ ಕಾಲಿನ ಉದ್ದ ಮುಖ್ಯ, ಅದಕ್ಕೇ ಮಗುವನ್ನು ಅಂಗಡಿಗೆ ಕರೆದುಕೊಂಡು ಹೋಗಿ. ಸೀಟನ್ನು ಪೂರ್ತಿ ಇಳಿಸಿ ಕೂರಿಸಿ. ಎರಡೂ ಪಾದ ಹಿಮ್ಮಡಿ ಸಮೇತ ನೆಲಕ್ಕೆ ಊರಬೇಕು. ತುದಿಬೆರಳು ಮಾತ್ರ ತಾಗಿದರೆ ಚಿಕ್ಕ ಸೈಜ್ ನೋಡಿ.

ಆಮೇಲೆ ಬ್ರೇಕ್ ಹಿಡಿಸಿ ನೋಡಿ. ಇದನ್ನು ತುಂಬಾ ಜನ ಮರೆಯುತ್ತಾರೆ. ಚಿಕ್ಕ ಬೆರಳುಗಳಿಗೆ ಲಿವರ್ ಎಟುಕುವುದಿಲ್ಲ, ಎಟುಕಿದರೂ ಒತ್ತಲು ಶಕ್ತಿ ಸಾಲುವುದಿಲ್ಲ. ಕೆಲವು ಲಿವರ್‌ಗಳಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ತಿರುಗಿಸಿದರೆ ಲಿವರ್ ಹ್ಯಾಂಡಲ್‌ಗೆ ಹತ್ತಿರ ಬರುತ್ತದೆ. ಬ್ರೇಕ್ ತೀರಾ ಬಿಗಿ ಇದ್ದರೆ ಸಡಿಲ ಮಾಡಿಸಿಕೊಂಡೇ ಮನೆಗೆ ತನ್ನಿ.

ಸಪೋರ್ಟ್ ಚಕ್ರ ಬೇಡ

ಸೈಕಲ್ ಬೀಳದೆ ನಿಲ್ಲುವುದು ಹೇಗೆ? ಎಡಕ್ಕೆ ವಾಲಿದರೆ ಹ್ಯಾಂಡಲ್ಲನ್ನು ಎಡಕ್ಕೇ ಸ್ವಲ್ಪ ತಿರುಗಿಸುತ್ತೇವೆ. ಆಗ ಚಕ್ರಗಳು ನಮ್ಮ ಮೈಯ ಕೆಳಗೆ ಬರುತ್ತವೆ, ಸೈಕಲ್ ನೆಟ್ಟಗಾಗುತ್ತದೆ. ಬಲಕ್ಕೆ ವಾಲಿದರೆ ಬಲಕ್ಕೆ. ಬ್ಯಾಲೆನ್ಸ್ ಅಂದರೆ ಇಷ್ಟೇ. ಇದನ್ನು ಬಾಯಲ್ಲಿ ಹೇಳಿ ಕಲಿಸಲು ಆಗುವುದಿಲ್ಲ. ಸೈಕಲ್ ವಾಲಬೇಕು, ಮೈ ತಾನಾಗಿ ಕಲಿಯಬೇಕು. ಎರಡು ಪಕ್ಕ ಸಪೋರ್ಟ್ ಚಕ್ರ ಹಾಕಿದರೆ ಸೈಕಲ್ ವಾಲುವುದೇ ಇಲ್ಲ. ಮಗು ವರ್ಷಗಟ್ಟಲೆ ತುಳಿದರೂ ಬ್ಯಾಲೆನ್ಸ್ ಬರುವುದಿಲ್ಲ. ತುಳಿಯುವುದು ಸುಲಭದ ಕೆಲಸ. ನಾವು ಸುಲಭದ್ದನ್ನು ಮೊದಲು ಕಲಿಸಿ ಕಷ್ಟದ್ದನ್ನು ಮುಂದೂಡುತ್ತಿದ್ದೇವೆ.

ಅದಕ್ಕೆ ಸಪೋರ್ಟ್ ಚಕ್ರದ ಜೊತೆ ಪೆಡಲ್‌ಗಳನ್ನೂ ಬಿಚ್ಚಿಡಿ. ಹೆಚ್ಚಿನ ಸೈಕಲ್‌ಗಳಿಗೆ 15ನೇ ನಂಬರ್ ಸ್ಪ್ಯಾನರ್ ಆಗುತ್ತದೆ. ಬಲಗಡೆ ಪೆಡಲ್ ಮಾಮೂಲಿ ನಟ್ಟಿನ ಹಾಗೆಯೇ, ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿದರೆ ಸಡಿಲವಾಗುತ್ತದೆ. ಎಡಗಡೆಯದರ ಮರೆ, ಅಂದರೆ ತಿರುಪಿನ ಸುತ್ತು, ಉಲ್ಟಾ. ಅದನ್ನು ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸಬೇಕು. ಇದು ಗೊತ್ತಿಲ್ಲದೆ ಜೋರು ಮಾಡಿದರೆ ಇನ್ನೂ ಬಿಗಿಯಾಗಿ ಕೂರುತ್ತದೆ. ಬಿಚ್ಚಿದ ಪೆಡಲ್‌ಗಳನ್ನು ಎಡ, ಬಲ ಅಂತ ಗುರುತು ಮಾಡಿ ಇಡಿ. ಅದಲು ಬದಲು ಹಾಕಿದರೆ ಮರೆ ಕೆಡುತ್ತದೆ. ಇಷ್ಟೆಲ್ಲ ಕಷ್ಟ ಅನಿಸಿದರೆ ಹತ್ತಿರದ ಸೈಕಲ್ ಶಾಪಿನಲ್ಲಿ ಐದು ನಿಮಿಷದ ಕೆಲಸ.

ಜಾಗ, ಬಟ್ಟೆ, ಹೆಲ್ಮೆಟ್

ಗಟ್ಟಿ ಮಣ್ಣಿನ ಶಾಲಾ ಮೈದಾನ ಒಳ್ಳೆಯದು. ಹುಲ್ಲಿನ ಮೇಲೆ ಬಿದ್ದರೆ ನೋವಾಗಲ್ಲ ಅಂತ ಅಲ್ಲಿಗೆ ಕರೆದುಕೊಂಡು ಹೋಗುತ್ತಾರೆ, ಆದರೆ ಹುಲ್ಲಿನಲ್ಲಿ ಚಕ್ರ ಸರಾಗವಾಗಿ ಉರುಳುವುದಿಲ್ಲ. ನಿಧಾನವಾದಷ್ಟೂ ಬ್ಯಾಲೆನ್ಸ್ ಕಷ್ಟ. ಕಣ್ಣಿಗೆ ಕಂಡೂ ಕಾಣದಷ್ಟು ಇಳಿಜಾರು ಇದ್ದರೆ ಇನ್ನೂ ಚೆನ್ನ. ಉದುರು ಜಲ್ಲಿ, ಮರಳು ಇರುವ ಕಡೆ ಬೇಡ. ಬೆಂಗಳೂರಿನವರಿಗೆ ಭಾನುವಾರ ಕಬ್ಬನ್ ಪಾರ್ಕ್ ಇದೆ. ಆ ದಿನ ಒಳಗಿನ ರಸ್ತೆಗಳಲ್ಲಿ ಕಾರು, ಬೈಕ್ ಬಿಡುವುದಿಲ್ಲ. ಅಪಾರ್ಟ್‌ಮೆಂಟಿನ ನೆಲಮಾಳಿಗೆ ಮಾತ್ರ ಬೇಡವೇ ಬೇಡ. ಕಂಬಗಳ ಮರೆಯಿಂದ ಯಾವಾಗ ಕಾರು ಬರುತ್ತದೋ ಗೊತ್ತಾಗುವುದಿಲ್ಲ.

ಕಾಲಿಗೆ ಶೂ ಇರಲಿ, ಚಪ್ಪಲಿ ಜಾರುತ್ತದೆ. ಲೇಸಿನ ತುದಿಯನ್ನು ಒಳಗೆ ಸಿಕ್ಕಿಸಿ. ಲಂಗ, ಅಗಲ ಪ್ಯಾಂಟು ಬೇಡ. ಚೂಡಿದಾರ ಹಾಕುವ ದೊಡ್ಡ ಹುಡುಗಿಯರು ದುಪಟ್ಟಾ ಮನೆಯಲ್ಲೇ ಬಿಟ್ಟು ಬರಲಿ. ಅದು ಚಕ್ರಕ್ಕೆ ಸಿಕ್ಕರೆ ಕುತ್ತಿಗೆಗೇ ಅಪಾಯ.

ಹೆಲ್ಮೆಟ್ ಮೊದಲ ದಿನದಿಂದಲೇ ಹಾಕಿ. ಸೈಕಲ್ ಹೆಲ್ಮೆಟ್‌ಗಳ ಒಳಗೆ ಇಎನ್ 1078 ಎಂಬ ಗುರುತು ಇದ್ದರೆ ಅದು ಯುರೋಪಿನ ಪರೀಕ್ಷೆಯಲ್ಲಿ ಪಾಸಾಗಿದೆ ಎಂದು ಅರ್ಥ. ಹಣೆಯ ಮೇಲೆ, ಹುಬ್ಬಿನಿಂದ ಎರಡು ಬೆರಳು ಮೇಲಕ್ಕೆ ಅದರ ಅಂಚು ಬರಬೇಕು. ಹಿಂದಕ್ಕೆ ಸರಿದ ಹೆಲ್ಮೆಟ್ ಹಣೆಯನ್ನು ಕಾಯುವುದಿಲ್ಲ. ಗಲ್ಲದ ಪಟ್ಟಿಯಲ್ಲಿ ಒಂದೆರಡು ಬೆರಳು ತೂರುವಷ್ಟೇ ಜಾಗ ಇರಲಿ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಮೇಲೆ ಚೆನ್ನಾಗಿ ಕಂಡರೂ ಒಳಗಿನ ಥರ್ಮಾಕೋಲ್ ಒಡೆದಿರಬಹುದು. ಹೊಸದು ತನ್ನಿ.

ಮೊದಲು ನಡಿಗೆ, ಆಮೇಲೆ ಜಾರಾಟ

ಸೀಟಿನ ಮೇಲೆ ಕೂತು ಮಗು ಸುಮ್ನೆ ನಡೆಯಲಿ. ಸೈಕಲ್ ತೂಕ ಎಷ್ಟು, ಹ್ಯಾಂಡಲ್ ಹೇಗೆ ತಿರುಗುತ್ತದೆ ಅನ್ನುವುದು ಗೊತ್ತಾಗುತ್ತದೆ. ನಮ್ಮವಳು ಮೊದಲ ದಿನ ಪೂರ್ತಿ ಇದನ್ನೇ ಮಾಡಿದಳು. ಅವಸರ ಮಾಡಲಿಲ್ಲ.

ಮರುದಿನ ದಾಪುಗಾಲು. ಮೂರು ಹೆಜ್ಜೆ ಜೋರಾಗಿ ಇಟ್ಟು ಎರಡೂ ಕಾಲು ಎತ್ತಬೇಕು. "ಕಾಲೆತ್ತಿ ಎಷ್ಟು ಎಣಿಸ್ತೀಯ ನೋಡೋಣ" ಅಂದೆ. ಮೊದಲು ಒಂದು ಅನ್ನುವಷ್ಟರಲ್ಲಿ ಕಾಲು ಕೆಳಗೆ. ನಾಲ್ಕನೇ ದಿನಕ್ಕೆ ಏಳರವರೆಗೆ ಎಣಿಸಿದಳು. ಹತ್ತು ಎಣಿಸುವವರೆಗೆ ಜಾರಿಕೊಂಡು ಹೋದರೆ ಬ್ಯಾಲೆನ್ಸ್ ಬಂತು ಅಂತಲೇ ಲೆಕ್ಕ. ಇಲ್ಲಿ ಒಂದೇ ಒಂದು ಮಾತು ಹೇಳುತ್ತಿರಿ: ಮುಂದೆ ನೋಡು. ಚಕ್ರ ನೋಡಿದರೆ ಮೈ ಬಗ್ಗುತ್ತದೆ. ದೂರದ ಒಂದು ಮರ ತೋರಿಸಿ, ಅದನ್ನೇ ನೋಡುತ್ತಾ ಬರಲಿ.

ಹಿಡಿದುಕೊಳ್ಳಲೇಬೇಕು ಅನಿಸಿದರೆ ಮಗುವಿನ ಕಂಕುಳ ಹತ್ತಿರ ಅಥವಾ ಭುಜ ಹಿಡಿಯಿರಿ. ಸೀಟು, ಹ್ಯಾಂಡಲ್ ಹಿಡಿದರೆ ಬ್ಯಾಲೆನ್ಸ್ ಮಾಡುವವರು ನೀವಾಗುತ್ತೀರಿ. ಬಿಡುವ ಮೊದಲು ಹೇಳಿ, "ಮೂರು ಎಣಿಸಿ ಬಿಡ್ತೀನಿ" ಅಂತ. ಮಗು ಬೇಡ ಅಂದರೆ ಬಿಡಬೇಡಿ. ಹೀಗೆ ಮಾಡಿದರೆ ಒಂದೆರಡು ದಿನ ಜಾಸ್ತಿ ಆಗಬಹುದು, ಆಗಲಿ.

ಪೆಡಲ್‌ಗಿಂತ ಮುಂಚೆ ಬ್ರೇಕ್

ಹೊರಡಲು ಬಂದು ನಿಲ್ಲಿಸಲು ಬಾರದ ಮಗು ಗೋಡೆಗೆ ಗುದ್ದುತ್ತದೆ, ಇಲ್ಲವೇ ಶೂ ಉಜ್ಜಿ ನಿಲ್ಲಿಸುತ್ತದೆ. ಮೊದಲು ಸೈಕಲ್ ಪಕ್ಕ ನಡೆಯುತ್ತಾ ಬ್ರೇಕ್ ಒತ್ತಲಿ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನ ಚಕ್ರಕ್ಕೆ, ಎಡಗೈಯದು ಹಿಂದಿನ ಚಕ್ರಕ್ಕೆ. ನಿಮ್ಮದು ಯಾವುದು ಅಂತ ಒತ್ತಿ ನೋಡಿಕೊಳ್ಳಿ. ಮುಂದಿನದನ್ನೇ ಗಕ್ಕನೆ ಹಿಡಿದರೆ ಹ್ಯಾಂಡಲ್ ಮೇಲಿಂದ ಎಗರಿ ಬೀಳಬಹುದು. ಎರಡನ್ನೂ ಒಟ್ಟಿಗೆ, ಮೆಲ್ಲಗೆ ಒತ್ತುವುದು ಅಭ್ಯಾಸವಾಗಲಿ. ನೆಲದ ಮೇಲೆ ಸುಣ್ಣದ ಗೆರೆ ಎಳೆಯಿರಿ. ಜಾರಿಕೊಂಡು ಬಂದು ಮುಂದಿನ ಚಕ್ರ ಗೆರೆ ದಾಟದ ಹಾಗೆ ನಿಲ್ಲಿಸಬೇಕು. ಈ ಆಟ ನಮ್ಮವಳಿಗೆ ಎಷ್ಟು ಹಿಡಿಸಿತೆಂದರೆ ಮೈದಾನದ ಬೇರೆ ಮಕ್ಕಳೂ ಬಂದು ಸೇರಿಕೊಂಡರು.

ಈಗ ಪೆಡಲ್

ಪೆಡಲ್ ಹಾಕಿ. ಬಲಗಾಲಿನ ಪೆಡಲ್ ಮುಂದಕ್ಕೆ, ಸ್ವಲ್ಪ ಮೇಲಕ್ಕೆ ಇರಲಿ. ಬಲಗಡೆಯಿಂದ ನೋಡಿದರೆ ಗಡಿಯಾರದಲ್ಲಿ ಎರಡು ಗಂಟೆ ಇರುವ ಜಾಗ. ಎಡಗಾಲು ನೆಲದ ಮೇಲೆ. ಬಲಗಾಲಿನಿಂದ ಜೋರಾಗಿ ಒಂದು ತುಳಿತ, ಎಡಗಾಲು ಪೆಡಲ್ ಮೇಲೆ. ಬ್ಯಾಲೆನ್ಸ್ ಬಂದಿರುವುದರಿಂದ ಇದು ಬೇಗ ಕೂಡಿ ಬರುತ್ತದೆ. ಹೊರಡುವುದನ್ನೇ ಹತ್ತಿಪ್ಪತ್ತು ಸಲ ಮಾಡಿಸಿ. ಚೆನ್ನಾಗಿ ಬಂದ ಮೇಲೆ ಸೀಟು ಒಂದಿಂಚು ಎತ್ತರಿಸಿ, ಇಲ್ಲದಿದ್ದರೆ ಮಂಡಿ ಜಾಸ್ತಿ ಮಡಚಿ ಬೇಗ ಸುಸ್ತಾಗುತ್ತದೆ. ಸೀಟಿನ ಕಂಬದ ಮೇಲೆ ಒಂದು ಗೆರೆ ಇರುತ್ತದೆ, ಅದು ಹೊರಗೆ ಕಾಣುವಷ್ಟು ಎತ್ತಬೇಡಿ.

ಮಗು ಬಿದ್ದೇ ಬೀಳುತ್ತದೆ. ತರಚಿದರೆ ಹರಿಯುವ ನೀರು, ಸೋಪು ಹಾಕಿ ಮಣ್ಣು ಹೋಗುವ ಹಾಗೆ ತೊಳೆಯಿರಿ. ಕಾಫಿ ಪುಡಿ ಒತ್ತುವ ಅಭ್ಯಾಸ ನಮ್ಮ ಮನೆಯಲ್ಲೂ ಇತ್ತು. ಅದು ಗಾಯವನ್ನು ಕೊಳಕು ಮಾಡುತ್ತದೆ, ದಯವಿಟ್ಟು ಬೇಡ. ಧನುರ್ವಾಯು ಇಂಜೆಕ್ಷನ್ ಆಗಿದೆಯೇ ಅಂತ ಕಾರ್ಡ್ ನೋಡಿಕೊಳ್ಳಿ. ತಲೆಗೆ ಪೆಟ್ಟಾಗಿ ವಾಂತಿ, ಮಂಪರು, ತಲೆನೋವು ಕಂಡರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ.

ರಸ್ತೆಗೆ ಯಾವಾಗ?

ಹಿಂದೆ ತಿರುಗಿ ನೋಡಿದರೂ ಸೈಕಲ್ ನೆಟ್ಟಗೆ ಹೋಗಬೇಕು. ಇದು ಬರುವವರೆಗೆ ರಸ್ತೆ ಬೇಡ. ನಾನು ಬೇಲಿಗೆ ಬಿದ್ದದ್ದು ಇದು ಬಾರದೆ. ಉದ್ದಕ್ಕೆ ಒಂದು ಗೆರೆ ಎಳೆದು ಅದರ ಮೇಲೆ ಹೋಗಲು ಹೇಳಿ. ನೀವು ಹಿಂದೆ ನಿಂತು ಬೆರಳು ಎತ್ತಿ. ಮಗು ಬಲಭುಜದ ಮೇಲಿಂದ ತಿರುಗಿ ಎಷ್ಟು ಬೆರಳು ಅಂತ ಹೇಳಬೇಕು, ಗೆರೆಯನ್ನೂ ಬಿಡಬಾರದು. ಒಂದು ಕೈ ಬಿಟ್ಟು ಸಿಗ್ನಲ್ ತೋರಿಸುವುದನ್ನೂ ಇಲ್ಲೇ ಕಲಿಸಿ.

ಬಂದರೂ ಹತ್ತು ವರ್ಷದೊಳಗಿನ ಮಕ್ಕಳನ್ನು ರಸ್ತೆಗೆ ಒಬ್ಬರನ್ನೇ ಕಳಿಸಬೇಡಿ. ಬರುತ್ತಿರುವ ಗಾಡಿಯ ವೇಗ ಅವರಿಗೆ ಸರಿಯಾಗಿ ಅಂದಾಜಾಗುವುದಿಲ್ಲ. ಜೊತೆಗೆ ಹೋಗುವಾಗ ಮಗು ಎಡಗಡೆ ಮುಂದೆ, ನೀವು ಸ್ವಲ್ಪ ಹಿಂದೆ, ಬಲಕ್ಕೆ. ನಿಂತ ಕಾರಿನಿಂದ ಬಾಗಿಲು ತೆರೆಯುವಷ್ಟು ದೂರ ಇರಲಿ. ನೀರು ನಿಂತ ಗುಂಡಿಯ ಆಳ ಗೊತ್ತಾಗುವುದಿಲ್ಲ, ಇಳಿದು ತಳ್ಳಿಕೊಂಡು ದಾಟಲಿ. ಬಸ್ಸು, ಲಾರಿಯ ಎಡಪಕ್ಕಕ್ಕೆ ನುಗ್ಗಬಾರದು, ಅಲ್ಲಿದ್ದವರು ಡ್ರೈವರಿಗೆ ಕಾಣುವುದಿಲ್ಲ. ನಾಯಿ ಅಟ್ಟಿಸಿಕೊಂಡು ಬಂದರೆ ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಿಲ್ಲಲಿ.

ಹೊರಡುವ ಮುಂಚೆ ಗಾಳಿ, ಬ್ರೇಕ್, ಚೈನ್ ಈ ಮೂರನ್ನೂ ಮಗುವೇ ನೋಡಲಿ. ನಮ್ಮವಳು ಗೇಟಿನ ಹತ್ತಿರ ಕೂತು ಎರಡೂ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾಳೆ. ಮೊನ್ನೆ ಹಿಂದಿನದು ಮೆತ್ತಗಿತ್ತು. "ದೊಡ್ಡಮ್ಮ, ಇವತ್ತು ಬೇಡ, ಗಾಳಿ ಹೊಡೆಸ್ಕೊಂಡು ಬರೋಣ" ಅಂದಳು. ಇಬ್ಬರೂ ಸೈಕಲ್ ತಳ್ಳಿಕೊಂಡು ಶಾಪಿಗೆ ಹೋದೆವು.