ಬಲೆ ಹರಿದ ಜಾಗ ಹಿಡಿದು ಹವಳದ ನಕ್ಷೆ: ನೇತ್ರಾಣಿಯಲ್ಲಿ ನನ್ನ ಅನುಭವ

"ಬೋಟಿನವರು ತಮ್ಮ ಪಾಯಿಂಟ್ ಯಾರಿಗೂ ಕೊಡುವುದಿಲ್ಲ, ಸುಮ್ನೆ ಡೀಸೆಲ್ ಸುಡಬೇಡಿ" ಎಂದು ಎಲ್ಲರೂ ಹೇಳಿದ್ದರು. ಪಾಯಿಂಟ್ ಅಂದರೆ ಬಲೆ ಹರಿಯುವ ಜಾಗದ ಜಿಪಿಎಸ್ ಗುರುತು. ಆದರೆ ಕೊಟ್ಟರು. 11 ಬೋಟುಗಳಿಂದ ಸುಮಾರು 140 ಪಾಯಿಂಟ್ ಸಿಕ್ಕವು.

ನೇತ್ರಾಣಿ ದ್ವೀಪದ ಬುಡದ ಹವಳ ಮುರ್ಡೇಶ್ವರದಿಂದ ಡೈವಿಂಗ್‌ಗೆ ಹೋಗುವವರಿಗೆಲ್ಲ ಗೊತ್ತು. ನನಗೆ ಬೇಕಿದ್ದದ್ದು ಅದರಾಚೆಯ ಆಳದ ಬಂಡೆಗಳು. ಹವಳ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಆದರೆ ಎಲ್ಲಿದೆ ಅಂತ ಗೊತ್ತಿಲ್ಲದೆ ತಾಂಡೇಲರು (ಬೋಟ್ ನಡೆಸುವವರು) ಬಲೆ ತಪ್ಪಿಸುವುದು ಹೇಗೆ?

ಸದ್ದಿನ ಅಲೆಯಿಂದ ಕಡಲ ತಳದ ಚಿತ್ರ ತೆಗೆಯುವ ಸೈಡ್ ಸ್ಕ್ಯಾನ್ ಸೋನಾರ್ ಬಾಡಿಗೆ ಕೇಳಿದೆ. ದಿನಕ್ಕೆ ಲಕ್ಷದ ಮೇಲೆ ಹೇಳಿದರು. ಸದ್ದು ಬಿಟ್ಟು ಆಳ, ಮೀನು ತೋರಿಸುವ ಫಿಶ್ ಫೈಂಡರ್ ಹಿಡಿದು ಹೊರಟೆ. ತಳ ಗಟ್ಟಿಯಿದ್ದರೆ ಸದ್ದು ಎರಡನೇ ಸಲವೂ ಮರಳಿ ಬರುತ್ತದೆ. ಹಾಗೆ ಎರಡನೇ ಎಕೋ ಬಂದಲ್ಲೆಲ್ಲ ಬಂಡೆ ಅಂತ ಗುರುತು ಹಾಕಿದೆ. ಅರ್ಧಕ್ಕರ್ಧ ಗಟ್ಟಿ ಮರಳು! ನಾಲ್ಕು ಟ್ರಿಪ್, ಹತ್ತಿರ ಹತ್ತಿರ 35 ಸಾವಿರ ಹೋಯಿತು. ಆಮೇಲೆ ಇಳಿಸಿದ ಕ್ಯಾಮೆರಾ ಯಾರದೋ ಹಳೇ ಬಲೆಗೆ ಸಿಕ್ಕಿ ಅಲ್ಲೇ ಉಳಿಯಿತು. ಅದು ಇನ್ನೊಂದು 20 ಸಾವಿರ.

ಬಲೆ ಹರಿಯುವ ಜಾಗ ಎಲ್ಲ ತಾಂಡೇಲರ ಪ್ಲಾಟರ್‌ನಲ್ಲೂ (ಬೋಟಿನ ಜಿಪಿಎಸ್ ನಕ್ಷೆಯ ಯಂತ್ರ) ಇರುತ್ತದೆ, ಅಲ್ವಾ? ಅದನ್ನೇ ಕೇಳಿದೆ. ಮೊದಲು ಯಾರ ಹತ್ತಿರ ಹೋದೆ, ಏನು ಮಾತು ಕೊಟ್ಟೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಗಾಳದವರ ಮೀನಿನ ಜಾಗ ಮಾತ್ರ ಹೊರಗೆ ಬಿಟ್ಟಿಲ್ಲ.

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನೀರು ತಿಳಿಯಾಗಿದ್ದಾಗ ಆ ಪಾಯಿಂಟ್‌ಗಳಲ್ಲಿ ಬೇರೆ ಕ್ಯಾಮೆರಾ ಇಳಿಸಿದೆ. ಜಿಪಿಎಸ್ ತೋರಿಸುವುದು ಬೋಟಿನ ಜಾಗ, ಕ್ಯಾಮೆರಾದ್ದಲ್ಲ. ಸೆಳೆತಕ್ಕೆ ಹಗ್ಗ ಓರೆಯಾಗಿ 30-40 ಮೀಟರ್ ತಪ್ಪುತ್ತಿತ್ತು. 6 ಕಿಲೋ ಸೀಸ ಕಟ್ಟಿ, ಉಬ್ಬರ ಇಳಿತ ತಿರುಗುವ ಹೊತ್ತಿಗೆ ಮಾತ್ರ ಇಳಿಸಿದ ಮೇಲೆ ಸರಿಹೋಯಿತು. ಪ್ರತಿ ಸಲ ಮೊದಲು ಜಿಪಿಎಸ್ ಗಡಿಯಾರದ ಚಿತ್ರ ತೆಗೆಯುತ್ತಿದ್ದೆ. ವಿಡಿಯೋಗೂ ಜಾಗಕ್ಕೂ ತಾಳೆ ಸಿಗುವುದು ಅದರಿಂದಲೇ.

ನಡುವೆ ಹಳಬರ ಪದ್ಧತಿಯನ್ನೂ ನೋಡಿದೆ. ಸೀಸದ ಅಡಿಗೆ ಗ್ರೀಸ್ ಮೆತ್ತಿ ಬಿಟ್ಟರೆ ಮರಳು ಅಂಟಿಕೊಂಡು ಬರುತ್ತದೆ. ಬಂಡೆಯಾದರೆ ಬರೀ ಗೀರು. ಕ್ಯಾಮೆರಾ ಇಳಿಸುವ ಮೊದಲು ಇದನ್ನು ಮಾಡಿದ್ದರಿಂದ ಎಷ್ಟೋ ಡೀಸೆಲ್ ಉಳಿಯಿತು. ಹತ್ತು ರೂಪಾಯಿ ಗ್ರೀಸ್ ಇಷ್ಟು ಕೆಲಸ ಮಾಡುತ್ತದೆ ಎಂದು ನಾನು ಎಣಿಸಿರಲಿಲ್ಲ.

60 ಚಿಲ್ಲರೆ ಜಾಗ ನೋಡಿದೆವು. 40ರಷ್ಟು ಬಂಡೆ, 17-18ರಲ್ಲಿ ಗಟ್ಟಿ ಹವಳ, ಇನ್ನು ಕೆಲವದರಲ್ಲಿ ಬೀಸಣಿಗೆಯಂಥ ಹವಳ. ಒಂದು ಕಡೆ ಮುರಿದ ಚೂರುಗಳ ಮೇಲೆ ಟ್ರಾಲ್ (ಬೋಟ್ ಎಳೆದುಕೊಂಡು ಹೋಗುವ ಬಲೆ) ಹಗ್ಗ ಬಿದ್ದಿತ್ತು. ಆ ವಿಡಿಯೋ ತೋರಿಸಿದಾಗ ಬಂದರಿನಲ್ಲಿ ಯಾರೂ ಮಾತಾಡಲಿಲ್ಲ.

ಎರಡು ತಿಂಗಳ ಮಳೆಗಾಲದ ರಜೆಯಲ್ಲಿ ಒಂಬತ್ತು ಬೋಟುಗಳ ಪ್ಲಾಟರ್‌ಗೆ ಹವಳದ ಜಾಗಗಳ ಗಡಿ ಗೆರೆ ಹಾಕಿಕೊಟ್ಟೆ. ನವೆಂಬರ್‌ನಲ್ಲಿ ಒಬ್ಬ ತಾಂಡೇಲರು ಫೋನ್ ಮಾಡಿದರು. "ಈ ಸಲ ಬಲೆ ಹರೀಲಿಲ್ಲ ಮಾರಾಯ್ರೆ. ಉಳಿದ ಪಾಯಿಂಟ್ ಯಾವಾಗ ನೋಡುವುದು?"