ಹಳೆಯ ಹಾಸ್ಟೆಲ್ ದುರಸ್ತಿಗೆ ಹಿರಿಯ ವಿದ್ಯಾರ್ಥಿನಿಯರ ದೇಣಿಗೆ: ಸಂಗ್ರಹಿಸುವುದು ಹೇಗೆ?

ನೀವು ಓದುವಾಗ ಇದ್ದ ಮಹಿಳಾ ಹಾಸ್ಟೆಲ್ಲಿಗೆ ಏನಾದರೂ ಮಾಡಬೇಕೆಂಬ ಆಸೆಯಿದ್ದರೆ, ಹಣದ ಮಾತೆತ್ತುವ ಮುಂಚೆ ಈಗ ಅಲ್ಲಿರುವ ಹುಡುಗಿಯರ ಜೊತೆ ಕುಳಿತು ಮಾತನಾಡಿ. ಹಳಬರಿಗೆ ನೆನಪಾಗುವುದು ಜಗಲಿ, ಊಟದ ಮನೆ, ಗೇಟಿನ ಪಕ್ಕದ ಮರ. ಈಗಿನವರು ಹೇಳುವುದೇ ಬೇರೆ: ಚಿಲಕ ಕೂರದ ಬಚ್ಚಲ ಬಾಗಿಲು, ಬೆಳಿಗ್ಗೆ ಏಳಕ್ಕೇ ಖಾಲಿಯಾಗುವ ಟ್ಯಾಂಕು, ನಾಲ್ವರ ಕೋಣೆಗೆ ಒಂದೇ ಪ್ಲಗ್ ಪಾಯಿಂಟು, ಅಲ್ಲಿಂದ ಮಂಚದಿಂದ ಮಂಚಕ್ಕೆ ಎಳೆದ ವೈರು. ಕಮಾನು, ಬಣ್ಣ, ನಾಮಫಲಕ ಕಾಯಲಿ. ಚಾವಣಿ, ವೈರಿಂಗ್, ನೀರು, ಶೌಚಾಲಯ ಮೊದಲು. ಮಂಚ, ಮೇಜು, ಕಪಾಟುಗಳ ಸರದಿ ಆಮೇಲೆ; ಸೋರುವ ಕೋಣೆಗೆ ಹೊಸ ಹಾಸಿಗೆ ತಂದು ಹಾಕುವುದು ದಂಡ.

ಕಟ್ಟಡ ಸರ್ಕಾರದ್ದೋ ವಿಶ್ವವಿದ್ಯಾಲಯದ್ದೋ ಟ್ರಸ್ಟಿನದ್ದೋ ನೋಡಿಕೊಂಡು, ಲಿಖಿತ ಅನುಮತಿ ಪಡೆಯಿರಿ. ಎಂಜಿನಿಯರ್ ಒಬ್ಬರಿಂದ ಬಾಬ್ತುವಾರು ಅಂದಾಜುಪಟ್ಟಿ ಮಾಡಿಸಿ. ‘ಕೈಲಾದಷ್ಟು ಕೊಡಿ’ ಎಂದರೆ ಕೇಳಿದವರು ನೋಡೋಣ ಎನ್ನುತ್ತಾರೆ. ‘ನಿಮ್ಮ ಬ್ಯಾಚಿನಿಂದ ಎರಡು ಕೋಣೆಯ ವೈರಿಂಗ್ ಆಗಬೇಕು, ಇಷ್ಟು ಖರ್ಚು’ ಎಂದರೆ ಲೆಕ್ಕ ಹಾಕಲು ತೊಡಗುತ್ತಾರೆ.

ಎಲ್ಲಕ್ಕಿಂತ ಕಷ್ಟದ ಕೆಲಸ ಹಳಬರನ್ನು ಹುಡುಕುವುದು. ಗಂಡುಮಕ್ಕಳ ಹಾಸ್ಟೆಲಿನವರಿಗೆ ಈ ತೊಡಕು ಇಷ್ಟಿಲ್ಲ. ಮದುವೆಯಾದ ಮೇಲೆ ಅನೇಕರ ಊರು ಬದಲಾಗಿದೆ, ಹೆಸರಿನ ಮುಂದಿನ ಇನಿಷಿಯಲ್ಲೂ ಬದಲಾಗಿದೆ. ದಾಖಲಾತಿ ಪುಸ್ತಕದ ಹೆಸರನ್ನು ಫೇಸ್‌ಬುಕ್ಕಿನಲ್ಲಿ ಹುಡುಕಿದರೆ ಸಿಗುವುದು ಅನುಮಾನ. ಅದೇ ಪುಸ್ತಕದಲ್ಲಿ ತಂದೆಯ ಹೆಸರು, ತವರಿನ ವಿಳಾಸ ಇದ್ದರೆ ಅದನ್ನು ಹಿಡಿದು ಹೊರಡಿ. ತವರಿನಲ್ಲಿ ಅಣ್ಣನೋ ಅತ್ತಿಗೆಯೋ ನಂಬರು ಕೊಡುತ್ತಾರೆ. ಒಬ್ಬರು ಸಿಕ್ಕರೆ ಅವರ ರೂಮ್‌ಮೇಟ್ ಯಾರೆಂದು ಕೇಳಿ, ಅವರಿಂದ ಮುಂದಿನವರು. ಪ್ರತಿ ಬ್ಯಾಚಿಗೆ ಒಬ್ಬರು ಹೊಣೆ ಹೊರಲಿ. ಜೊತೆಗೆ ಓದಿದವಳೇ ಫೋನ್ ಮಾಡಿದರೆ ಮಾತು ಬೇರೆಯಾಗಿರುತ್ತದೆ.

ಸ್ವಂತ ಸಂಪಾದನೆ ಇಲ್ಲದವರೂ ಅವರಲ್ಲಿ ಬಹಳ ಮಂದಿ ಇರುತ್ತಾರೆ. ಮನೆಖರ್ಚಿನಲ್ಲಿ ಉಳಿಸಿ ತಿಂಗಳಿಗೆ 200 ರೂಪಾಯಿ ಕೊಡುವವರಿಗೂ ದಾರಿ ಇರಲಿ. ದಾನಿಗಳ ಪಟ್ಟಿಯನ್ನು ಮೊತ್ತದ ಪ್ರಕಾರ ಹಾಕಲೇಬೇಡಿ; ಓದಿದ ವರ್ಷದ ಪ್ರಕಾರ ಹೆಸರಷ್ಟೇ ಸಾಕು. ಹೆಚ್ಚು ಕೊಟ್ಟವರು ಮುನಿಸಿಕೊಂಡಾರು ಎಂಬ ಅಂಜಿಕೆ ಬೇಡ. ಕಡಿಮೆ ಕೊಟ್ಟವರು ನಾಚಿ ದೂರ ಉಳಿಯುವುದೇ ದೊಡ್ಡ ನಷ್ಟ.

ಹಣ ಯಾರೊಬ್ಬರ ಸ್ವಂತ ಖಾತೆಗೂ ಹೋಗಬಾರದು, ಎಷ್ಟೇ ನಂಬಿಕಸ್ಥರಾಗಿದ್ದರೂ. ಹಿರಿಯ ವಿದ್ಯಾರ್ಥಿನಿಯರ ಸಂಘ ಇಲ್ಲದಿದ್ದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ಏಳು ಮಂದಿ ಸೇರಿ ನೋಂದಾಯಿಸಬಹುದು. ಸಂಘದ ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಕಡ್ಡಾಯವಾಗಿರಲಿ. ತೆರಿಗೆ ವಿನಾಯಿತಿಯ ಬಗ್ಗೆ ಮೊದಲೇ ಸ್ಪಷ್ಟವಾಗಿ ಹೇಳಿ: ದೇಣಿಗೆಗೆ ವಿನಾಯಿತಿ ಕೊಡಿಸುವ ಆದಾಯ ತೆರಿಗೆ ಇಲಾಖೆಯ ಮಾನ್ಯತೆ (1961ರ ಕಾಯ್ದೆಯಲ್ಲಿ 80ಜಿ) ಸಂಸ್ಥೆಗೆ ಇದ್ದರೆ ಮಾತ್ರ ಅದು ಸಿಗುತ್ತದೆ, 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೂ ಇಲ್ಲ. ಫ್ಯಾನು, ಮಂಚಗಳನ್ನೇ ತಂದುಕೊಟ್ಟರೂ ವಿನಾಯಿತಿ ಇಲ್ಲ. ಹಾಗಾಗಿ ವಸ್ತುವಿನ ಬದಲು ಹಣ ಕೊಡಲು ಹೇಳಿ. ಹತ್ತು ಮನೆಯ ಹತ್ತು ಬಗೆಯ ಕುರ್ಚಿಗಳು ಬಂದು ಬೀಳುವುದೂ ತಪ್ಪುತ್ತದೆ.

ವಿದೇಶದಲ್ಲಿರುವ ಗೆಳತಿಯರ ವಿಷಯದಲ್ಲಿ ಎಚ್ಚರ ಬೇಕು. ಭಾರತೀಯ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಬಹುದು. ಅಮೆರಿಕದ್ದೋ ಬ್ರಿಟನ್ನಿನದ್ದೋ ಪೌರತ್ವ ಪಡೆದವರ ಹಣ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಅಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅದನ್ನು ಮುಟ್ಟುವಂತಿಲ್ಲ.

ಕೆಲಸ ಶುರುವಾದ ಮೇಲೆ ಪ್ರತಿ ತಿಂಗಳು ಬಿಲ್ಲು, ಫೋಟೊಗಳನ್ನು ದಾನಿಗಳೆಲ್ಲರಿಗೂ ಕಳಿಸಿ. ಸಂಗ್ರಹವಾದುದರಲ್ಲಿ ಒಂದು ಪಾಲನ್ನು ಹಾಸ್ಟೆಲಿನ ನಿರ್ವಹಣೆಗೆಂದೇ ಠೇವಣಿ ಇಡಿ. ಮುಂದಿನ ಬೇಸಿಗೆಯಲ್ಲಿ ಬೋರ್‌ವೆಲ್ ಮೋಟಾರು ಸುಟ್ಟರೆ ವಾರ್ಡನ್ ಯಾರ ಮುಂದೆಯೂ ಕೈಚಾಚಬೇಕಾಗುವುದಿಲ್ಲ.