ಬಚ್ಚಲಗೋಡೆಯ ದೊಡ್ಡ ಜೇಡ: ಮೊದಲು ಮುಖ ನೋಡಿ

ಶಿರಸಿ ಕಡೆಯ ಹಂಚಿನ ಮನೆಗಳಲ್ಲಿ ದೊಡ್ಡ ಜೇಡ ಅಪರೂಪದ ಅತಿಥಿಯೇನಲ್ಲ. ಬಚ್ಚಲಗೋಡೆಯ ಮೇಲೋ, ಅಟ್ಟದ ಏಣಿಯ ಹಿಂದೋ, ಕಟ್ಟಿಗೆ ರಾಶಿಯ ಮೇಲೋ ರಾತ್ರಿ ದೀಪ ಹಾಕಿದೊಡನೆ ಅಂಗೈ ಅಗಲಕ್ಕೆ ಕಾಲು ಚಾಚಿ ಕುಳಿತದ್ದು ಕಾಣುತ್ತದೆ. ಇದು ಬಲೆ ನೇಯ್ದು ಕಾಯುವ ಜಾತಿಯಲ್ಲ, ಓಡಿ ಹಿಡಿಯುವ ಬೇಟೆ ಜೇಡ. ಜಿರಲೆ ಇದಕ್ಕೆ ಪ್ರಿಯ. ನಮ್ಮ ಮನೆಯಲ್ಲಿ ಇದನ್ನು ಹೊಡೆಯಬಾರದೆಂದು ನಾನು ಹಟ ಹಿಡಿದಿರುವುದಕ್ಕೆ ಅದೊಂದೇ ಕಾರಣ ಸಾಕು.

ಇದರ ಚಿತ್ರ ತೆಗೆಯುವವರೆಲ್ಲ ದೂರದಲ್ಲಿ ನಿಂತು, ಮೇಲಿನಿಂದ ಒಂದು ಕ್ಲಿಕ್ ಮಾಡಿ ಓಡುತ್ತಾರೆ. ನೆಂಟರನ್ನು ಹೆದರಿಸಲು ಆ ಚಿತ್ರ ಸಾಕು, ಹೆಸರು ಹೇಳಲು ಸಾಲದು. ನಾನು ಮುಖದಿಂದಲೇ ಆರಂಭಿಸುತ್ತೇನೆ. ಮೊಬೈಲನ್ನು ಗೋಡೆಗೆ ತಾಗಿಸಿದಂತೆ ಹಿಡಿದು, ಜೇಡದ ಎದುರಿನಿಂದ ನಿಧಾನವಾಗಿ ಸರಿಯಬೇಕು. ಕಾಲಿನ ಸೂಕ್ಷ್ಮ ರೋಮಗಳು ಗಾಳಿಯ ಅಲುಗಾಟವನ್ನು ಹಿಡಿಯುತ್ತವೆ. ನಮ್ಮ ಉಸಿರು ತಾಗಿದರೂ ಅದು ಜಂತಿಯ ಸಂದಿ ಸೇರಿಬಿಡುತ್ತದೆ. ಹಾಗಾಗಿ ತೀರ ಹತ್ತಿರದ ಚಿತ್ರ ತೆಗೆಯಲು ಮೊಬೈಲಿಗೆ ಕ್ಲಿಪ್ ಹಾಕುವ ಮ್ಯಾಕ್ರೋ ಲೆನ್ಸ್ ಇದ್ದರೂ ಮೊದಲು ಸ್ವಲ್ಪ ದೂರದಿಂದಲೇ ಒಂದೆರಡು ಚಿತ್ರ ತೆಗೆದಿಟ್ಟುಕೊಳ್ಳುತ್ತೇನೆ.

ಎದುರಿನ ಫ್ಲ್ಯಾಶ್ ನನಗೆ ಆಗಿಬರುವುದಿಲ್ಲ. ಸುಣ್ಣದ ಗೋಡೆ ಬೆಳ್ಳಗೆ ಉರಿದು, ಜೇಡದ ಹಿಂದೆ ಕಪ್ಪು ನೆರಳು ಬಿದ್ದು, ಯಾವುದು ಕಾಲು, ಯಾವುದು ನೆರಳು ಎಂದೇ ತಿಳಿಯುವುದಿಲ್ಲ. ಮನೆಯವರೊಬ್ಬರ ಕೈಗೆ ಟಾರ್ಚ್ ಕೊಟ್ಟು, ಅದರ ಮುಂದೆ ತೆಳುವಾದ ಬಿಳಿ ಕಾಗದ ಹಿಡಿಸಿ, ಪಕ್ಕದಿಂದ ಬೆಳಕು ಬೀಳಿಸುತ್ತೇನೆ. ಕ್ಯಾಮೆರಾ ಇದ್ದರೆ ಲೆನ್ಸಿನ ಬೆಳಕಿಂಡಿ (ಅಪರ್ಚರ್) ಎಫ್‌/11ರ ಆಸುಪಾಸು. ಇಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಕಾಣುವ ಪದರ ಬಹಳ ತೆಳು, ಆದ್ದರಿಂದ ಫೋಕಸ್ ಕಣ್ಣಿನ ಮೇಲೆಯೇ ಇರಬೇಕು.

ಗುರುತು ಇರುವುದೂ ಅಲ್ಲಿಯೇ. ನಾಲ್ಕು ನಾಲ್ಕರಂತೆ ಎರಡು ಸಾಲಿನಲ್ಲಿ ಎಂಟು ಕಣ್ಣು, ಅವುಗಳ ಕೆಳಗೆ ವಿಭೂತಿ ಎಳೆದಂತೆ ಕೆನೆಬಣ್ಣದ ಅಡ್ಡಪಟ್ಟಿ. ಮನೆಯೊಳಗಿನ ದೊಡ್ಡ ಬೇಟೆ ಜೇಡದಲ್ಲಿ ಈ ಪಟ್ಟಿ ಕಂಡರೆ ಅದು ಬಹುಮಟ್ಟಿಗೆ ಹೆಟೆರೊಪೋಡ ವೆನಟೋರಿಯ (ಇದು ವೈಜ್ಞಾನಿಕ ಹೆಸರು). ಜೀವವಿಜ್ಞಾನಿ ಲಿನೇಯಸ್ 1767ರಲ್ಲಿ ವಿವರಿಸಿದ ಈ ಜೇಡ ಹಡಗಿನ ಸರಕಿನೊಂದಿಗೆ ಉಷ್ಣವಲಯದ ಬಂದರುಗಳನ್ನೆಲ್ಲ ಸುತ್ತಿದೆ. ಇದೆಂದೇ ತಪ್ಪು ತಿಳಿಯಬಹುದಾದ ಇನ್ನೊಂದು ಬೇಟೆ ಜೇಡ, ತೋಳ ಜೇಡ, ಅದರ ಕಣ್ಣಿನ ಜೋಡಣೆ ಬೇರೆ: ಕೆಳಗೆ ನಾಲ್ಕು ಪುಟ್ಟವು, ಅದರ ಮೇಲೆ ಎರಡು ದೊಡ್ಡವು. ಗೋಡೆಗೆ ಅಂಟಿದಂತಿರುವ ಇನ್ನೊಂದು ಚಪ್ಪಟೆ ಜೇಡ, ಸೆಲೆನಾಪ್ಸ್, ಗಾತ್ರದಲ್ಲಿ ಚಿಕ್ಕದು; ಅದರ ಮುಂದಿನ ಸಾಲಿನಲ್ಲಿಯೇ ಆರು ಕಣ್ಣುಗಳಿರುತ್ತವೆ.

ಆಮೇಲೆ ಮೇಲಿನಿಂದ ಒಂದು ಚಿತ್ರ. ಕಾಲುಗಳ ಮೇಲೆ ಮುಳ್ಳು ಹುಟ್ಟುವಲ್ಲಿ ಕಪ್ಪು ಚುಕ್ಕೆಗಳಿವೆಯೇ ನೋಡಿ. ಹೊಟ್ಟೆ ತೆಳುವಾಗಿ, ಕಾಲು ಉದ್ದವಾಗಿ, ಮುಖದ ಬಳಿಯ ಕಿರುಗಾಲುಗಳ ತುದಿ ಊದಿಕೊಂಡಿದ್ದರೆ ಅದು ಗಂಡು. ಗಾತ್ರದ ವಿಷಯದಲ್ಲಿ ಯಾರ ಮಾತನ್ನೂ ನಂಬಬೇಡಿ, ಹೆದರಿದವರ ಬಾಯಲ್ಲಿ ಜೇಡ ತಟ್ಟೆಯಷ್ಟಾಗುತ್ತದೆ. ಮೈ ಎರಡು, ಎರಡೂವರೆ ಸೆಂಟಿಮೀಟರ್. ಕಾಲು ಸೇರಿದರೆ ಹತ್ತು, ಹನ್ನೆರಡು. ಜೇಡ ಸರಿದ ಮೇಲೆ ಅದೇ ಜಾಗದಲ್ಲಿ ಮಕ್ಕಳ ಸ್ಕೇಲ್ ಇಟ್ಟು, ಅದೇ ದೂರದಿಂದ ಇನ್ನೊಂದು ಚಿತ್ರ ತೆಗೆದರೆ ಅಳತೆ ಸಿಗುತ್ತದೆ.

"ಮೈಮೇಲೆ ಉಚ್ಚೆ ಹೊಯ್ದರೆ ಗುಳ್ಳೆ ಏಳುತ್ತದೆ, ದೂರ ಬಾ" ಎಂದು ಆಯಿ ಈಗಲೂ ಗದರುತ್ತಾಳೆ. ಮಳೆಗಾಲದಲ್ಲಿ ದೀಪಕ್ಕೆ ಬರುವ ಪೆಡೆರಸ್ ಎಂಬ ಕಿರಿದಾದ ಕೆಂಪು-ಕಪ್ಪು ಜೀರುಂಡೆಯನ್ನು ಚರ್ಮದ ಮೇಲೆ ಉಜ್ಜಿದರೆ ಅಂಥ ಉರಿಗುಳ್ಳೆ ಏಳುವುದುಂಟು. ಬೈಗುಳ ಮಾತ್ರ ಜೇಡಕ್ಕೆ. ಹಿಡಿದು ಅಮುಕಿದರೆ ಬೇಟೆ ಜೇಡ ಕಚ್ಚಬಹುದು, ನೋವಾಗುತ್ತದೆ, ಊದಬಹುದು. ಜೀವಕ್ಕೆ ಅಪಾಯ ತರುವ ವಿಷ ಇದಕ್ಕಿಲ್ಲ.

ಕೆಳಭಾಗದ ಚಿತ್ರ ಬೇಕಾದಾಗ ಅಗಲ ಬಾಯಿಯ ಗಾಜಿನ ಬಾಟಲಿಯನ್ನು ಮೆಲ್ಲಗೆ ಕವುಚಿ, ಹಿಂದಿನಿಂದ ಲಗ್ನಪತ್ರಿಕೆಯಂಥ ಗಟ್ಟಿ ಕಾಗದ ತೂರಿಸುತ್ತೇನೆ. ಹೊಟ್ಟೆಯಡಿ ಬಿಳಿ ಬಿಲ್ಲೆ ಅವುಚಿಕೊಂಡಿದ್ದರೆ ಅದು ಮೊಟ್ಟೆಚೀಲ. ಆ ತಾಯಿಯನ್ನು ಬಾಟಲಿಗೆ ಹಾಕುವುದಿಲ್ಲ, ದೂರದಿಂದ ಸಿಕ್ಕಷ್ಟೇ ಚಿತ್ರ. ತೋಳ ಜೇಡವಾದರೆ ಚೀಲವನ್ನು ಹಿಂಬದಿಗೆ ಅಂಟಿಸಿಕೊಂಡು ತಿರುಗುತ್ತದೆ ಎಂಬುದೂ ಗುರುತಿಗೆ ಅನುಕೂಲ.

ಚಿತ್ರಗಳನ್ನು ಜೀವಿಗಳ ಗುರುತು ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಏರಿಸುವಾಗ ದಿನಾಂಕ, ಊರು, ಮನೆಯೊಳಗೋ ತೋಟದಲ್ಲೋ ಎಂಬುದನ್ನು ಬರೆಯುತ್ತೇನೆ. ಅಡಿಕೆ ತೋಟದಲ್ಲಿ ಸಿಕ್ಕವು ಇದೇ ಕುಟುಂಬದ ಬೇರೆ ಜಾತಿಯವೂ ಆಗಿರಬಹುದು. ಅವುಗಳಲ್ಲಿ ಹಲವನ್ನು ಜನನಾಂಗಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಬೇರ್ಪಡಿಸಬೇಕು. ಆದ್ದರಿಂದ ಮುಖದ ಪಟ್ಟಿ ಚಿತ್ರದಲ್ಲಿ ಬಿದ್ದಿಲ್ಲದಿದ್ದರೆ ಸ್ಪರಾಸಿಡೆ ಎಂಬ ಕುಟುಂಬದ ಹೆಸರಷ್ಟನ್ನೇ ಬರೆದು ಬಿಡುತ್ತೇನೆ.